ಎಳ್ಳ ಅಮಾಸಿಯಿಂದ ಯುಗಾದಿವರೆಗೆ: ಮನೆಯ ಕನ್ನಡಕ್ಕೆ ನಾಲ್ಕು ತಿಂಗಳು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಚಿಕ್ಕ ಮಕ್ಕಳಿರುವ ಮನೆಗೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಬಿಡುವೆಂಬುದಿಲ್ಲ. ಹೊಲದಲ್ಲಿ ಹಿಂಗಾರಿ ಜೋಳ ತೆನೆ ಬಿಟ್ಟಿರುತ್ತದೆ, ಕಬ್ಬಿನ ಕಟಾವು ನಡೆದಿರುತ್ತದೆ, ಹಬ್ಬಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಮುಂಜಾನೆಯ ಥಂಡಿಗೆ ಮಕ್ಕಳು ಹಾಸಿಗೆ ಬಿಟ್ಟು ಏಳುವುದಿಲ್ಲ. ಮಾರ್ಚ್ ಬಂತೆಂದರೆ ಬಿಸಿಲಿಗೆ ಮನೆಯೊಳಗೆ ನಿಲ್ಲುವುದಿಲ್ಲ. ಈ ಗಡಿಬಿಡಿಯ ನಡುವೆಯೇ ಇನ್ನೊಂದು ದೊಡ್ಡ ಮಾತು ಇತ್ಯರ್ಥವಾಗುತ್ತದೆ. ಬರುವ ಜೂನ್‌ನಲ್ಲಿ ಮಗು ಯಾವ ಮಾಧ್ಯಮದ ಶಾಲೆಗೆ ಹೋಗಬೇಕು?

ಕನ್ನಡ ಶಾಲೆಗೆ ಹೆಸರು ಹಚ್ಚಿದರೆ ಮುಗಿಯಿತು, ಭಾಷೆಯ ಹೊಣೆ ಗುರುಗಳದ್ದು ಎಂದುಕೊಂಡ ಪಾಲಕರು ನಮ್ಮಲ್ಲಿ ಬಹಳ. ಆದರೆ ಶಾಲೆ ಮೊದಲು ಮಾಡುವ ಕೆಲಸ, ಮಗು ಈಗಾಗಲೇ ಆಡುವ ಮಾತಿಗೆ ಅಕ್ಷರ ಜೋಡಿಸುವುದು. ಆ ಮಾತು ಮನೆಯಿಂದ ಬರಬೇಕು. ಪೇಟೆ ಮರಾಠಿಯದ್ದು, ಮೊಬೈಲ್ ಹಿಂದಿಯದ್ದು. ಹೀಗಿರುವಾಗ ಅಡುಗೆಮನೆ, ಹೊಲ, ಜಾತ್ರೆ ಎಲ್ಲವೂ ಒಟ್ಟಿಗೆ ಕನ್ನಡ ಮಾತಾಡುವ ಕಾಲ ವರ್ಷದಲ್ಲಿ ಇದೊಂದೇ. ಇದನ್ನು ಕೈಬಿಡಬೇಡಿ.

ಹೊಲಕ್ಕೆ ಮಕ್ಕಳನ್ನೂ ಕರೆದೊಯ್ಯಿರಿ

ಎಳ್ಳ ಅಮಾಸಿಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವಾಗ ಮಗುವನ್ನು ಬರೀ ಊಟಕ್ಕೆ ಕೂಡಿಸಬೇಡಿ. ಜೋಳದ ದಂಟಿನ ಕೊಪ್ಪೆ ಕಟ್ಟುವಾಗ, ಪಾಂಡವರೆಂದು ಐದು ಕಲ್ಲಿಗೆ ಸುಣ್ಣ ಹಚ್ಚುವಾಗ, ಚರಗ ಚೆಲ್ಲುವಾಗ ಕೈಗೆ ಒಂದು ಕೆಲಸ ಕೊಡಿ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಎಂಬ ಹೆಸರುಗಳು ಬಾಯಿಗೆ ರುಚಿಯ ಜೊತೆಗೇ ಬರಲಿ. ಲಾತೂರು, ಉಸ್ಮಾನಾಬಾದ್ ಕಡೆಯ ಮರಾಠಿ ರೈತರೂ ಇದೇ ಹಬ್ಬವನ್ನು ‘ವೇಳ ಅಮಾವಾಸ್ಯಾ’ ಎಂದು ಮಾಡುತ್ತಾರೆ. ಗೆಳೆಯನ ಮನೆಯ ಹಬ್ಬವೂ ತನ್ನ ಮನೆಯ ಹಬ್ಬವೂ ಒಂದೇ ಎಂದು ತಿಳಿದ ಮಗುವಿಗೆ ಎರಡು ಭಾಷೆ ಎಂದರೆ ಎರಡು ಬಣವಲ್ಲ.

ಜನವರಿ ಬಂದಂತೆ ಜೋಳದ ತೆನೆ ಹಾಲುಗಾಳಾಗುತ್ತದೆ. ಪೇಟೆಯಲ್ಲಿ ಅದು ‘ಹುರಡಾ’. ನಿಮ್ಮ ಅಜ್ಜಿಯ ಬಾಯಲ್ಲಿ ಸೀತನಿ. ಸಿಹಿ ತೆನೆಯೇ ಸೀತನಿ ಎಂದು ಬಿಡಿಸಿ ಹೇಳಿದರೆ ಒಂದನೇ ಇಯತ್ತೆಯ ಮಗುವಿಗೂ ತಿಳಿಯುತ್ತದೆ. ಮುಂದೆ ಜೋಳ ಕೀಳುವುದು, ತೆನೆ ಮುರಿಯುವುದು, ಕಣ ಮಾಡುವುದು, ತೂರುವುದು, ರಾಶಿ ಹಾಕುವುದು, ಕಣಕಿಯ ಬಣವಿ ಒಟ್ಟುವುದು. ಈಗ ರಾಶಿ ಯಂತ್ರ ಬಂದಿದೆ. ಅರ್ಧ ದಿನದಲ್ಲಿ ಕೆಲಸ ಮುಗಿದು, ಅದರ ಜೊತೆಗೆ ಈ ಶಬ್ದಗಳೂ ಹೋಗಿಬಿಡುತ್ತವೆ. ಯಂತ್ರ ನಿಲ್ಲಿಸಬೇಕಾಗಿಲ್ಲ. ಒಂದು ಮೊರ ತುಂಬ ಕಾಳು ಮಗುವಿನ ಮುಂದೆ ತೂರಿ ತೋರಿಸಿ, ಸಾಕು. ನಾಳೆ ಪುಸ್ತಕದಲ್ಲಿ ‘ಕಣ’, ‘ರಾಶಿ’ ಎಂದು ಬಂದಾಗ ಅದು ಬಾಯಿಪಾಠ ಮಾಡಬೇಕಾದ ಪದವಾಗಿರುವುದಿಲ್ಲ, ಕಂಡ ವಸ್ತುವಾಗಿರುತ್ತದೆ.

ನಮ್ಮ ಮನೆಯ ಕನ್ನಡ ಶುದ್ಧವಿಲ್ಲ, ಮರಾಠಿ ಬೆರೆತಿದೆ ಎಂಬ ಸಂಕೋಚ ಹಲವರಿಗಿದೆ. ಅದನ್ನು ಬಿಡಿ. ಮಗು ‘ಹೋಗ್ತೀನ್ರಿ’ ಎಂದರೆ ಅದೂ ಕನ್ನಡವೇ. ಪುಸ್ತಕದ ರೂಪವನ್ನು ಶಾಲೆ ಕಲಿಸುತ್ತದೆ. ಆಡುವುದನ್ನೇ ನಿಲ್ಲಿಸಿದ ಮಗುವಿಗೆ ಮಾತ್ರ ಯಾರೂ ಏನೂ ಕಲಿಸಲಾಗದು.

ಜಾತ್ರೆಯಲ್ಲಿ ಅಡಗಿರುವ ಪಾಠ

ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರ ಜಾತ್ರೆ. ಏಳು ನಂದಿಧ್ವಜಗಳು 68 ಲಿಂಗಗಳ ಪ್ರದಕ್ಷಿಣೆಗೆ ಹೊರಡುತ್ತವೆ. ಮಕ್ಕಳನ್ನು ಹೆಗಲ ಮೇಲೆ ಹೊತ್ತು ತೋರಿಸುವಾಗ ಒಂದು ಮಾತು ಹೇಳಿ: ಈ ಸಿದ್ಧರಾಮ 12ನೇ ಶತಮಾನದಲ್ಲಿ ಇದೇ ಊರಲ್ಲಿದ್ದು ಕನ್ನಡದಲ್ಲಿ ವಚನ ಬರೆದವನು, ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಅವನ ಅಂಕಿತ. ಜಾತ್ರೆಯ ಮೊದಲ ದಿನದ ವಿಧಿಯನ್ನು ಮರಾಠಿ ಪತ್ರಿಕೆಗಳು ಇಂದಿಗೂ ‘ಯಣ್ಣೀಮಜ್ಜನ’ ಎಂದೇ ಬರೆಯುತ್ತವೆ. ಅದು ನಮ್ಮ ಎಣ್ಣೆಮಜ್ಜನ. ಕಡೆಯ ದಿನದ ‘ಕಪ್ಪಡಕಳಿ’ ಎಂದರೆ ಧ್ವಜಗಳ ಕಪ್ಪಡ, ಅಂದರೆ ಬಟ್ಟೆ, ಕಳೆಯುವುದು. ನಗರವೆಲ್ಲ ಆಡುವ ಶಬ್ದದ ಅರ್ಥ ತನಗೆ ಗೊತ್ತು ಎಂಬ ಹೆಮ್ಮೆ ಏಳು ವರ್ಷದ ಮಗುವಿಗೆ ಸಣ್ಣದಲ್ಲ.

ಇದೇ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಕನ್ನಡ, ಮರಾಠಿ ಎರಡರಲ್ಲೂ ಬರೆದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು; ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ ಅವರೇ. ಎರಡು ಭಾಷೆಗಳ ನಡುವೆ ಬೆಳೆದ ಮಗು ಎರಡರಲ್ಲೂ ಹಿಂದೆ ಬೀಳುತ್ತದೆ ಎನ್ನುವವರಿಗೆ ಈ ಹೆಸರು ಹೇಳಿ.

ಎಣಿಕೆ ಕನ್ನಡದಲ್ಲಿ

ಹೋಳಿ ಹುಣ್ಣಿಮೆ ದಾಟಿದರೆ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಶ್ಯಾವಿಗೆ ಒಣಗತೊಡಗುತ್ತವೆ. ಬಿಸಿಲೇರಿದ ಮೇಲೆ ಅನೇಕ ಶಾಲೆಗಳು ಮುಂಜಾನೆಯ ಹೊತ್ತಿಗೆ ಬದಲಾಗುತ್ತವೆ. ಮಧ್ಯಾಹ್ನ ಮಕ್ಕಳು ಮನೆಯಲ್ಲೇ. ಹಪ್ಪಳ ಎಣಿಸುವ ಕೆಲಸ ಅವರಿಗೆ ಬಿಡಿ, ಎಣಿಕೆ ಕನ್ನಡದಲ್ಲಿರಲಿ.

ಇದಕ್ಕೆ ಕಾರಣವಿದೆ. ಕನ್ನಡದಲ್ಲಿ ‘ಇಪ್ಪತ್ತೈದು’ ಎಂದರೆ ಮೊದಲು ಇಪ್ಪತ್ತು, ಆಮೇಲೆ ಐದು. 25 ಎಂದು ಬರೆಯುವ ಕ್ರಮವೂ ಅದೇ. ಮರಾಠಿಯ ‘ಪಂಚವೀಸ್’ನಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ. ಅಂಗಡಿಯಲ್ಲಿ ಮರಾಠಿ ಎಣಿಕೆ ಕೇಳಿದ ಮಗು 25ನ್ನು 52 ಎಂದು ಬರೆದರೆ ಅದು ದಡ್ಡತನವಲ್ಲ, ಎರಡು ಕ್ರಮಗಳ ಗೊಂದಲ. ಮರಾಠಿ ಮಕ್ಕಳಿಗೂ ಇದು ತೊಡಕೆಂದೇ 2019ರಲ್ಲಿ ಬಾಲಭಾರತಿಯ ಎರಡನೇ ಇಯತ್ತೆಯ ಗಣಿತ ಪುಸ್ತಕ ಹತ್ತರ ಸ್ಥಾನವನ್ನು ಮೊದಲು ಹೇಳುವ ರೀತಿಯನ್ನೂ ಕೊಟ್ಟಿತು. ಅದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ನಿಮ್ಮ ಮನೆಮಾತಿನಲ್ಲಿ ಆ ಅನುಕೂಲ ಮೊದಲಿನಿಂದಲೇ ಇದೆ. ಮೊದಲು ಕನ್ನಡದಲ್ಲಿ ನೂರರವರೆಗೆ ಗಟ್ಟಿಯಾಗಲಿ, ಮರಾಠಿ ಎಣಿಕೆ ಆಮೇಲೆ ತಾನಾಗಿ ಕೂಡುತ್ತದೆ.

ಕಬ್ಬಿಗೆ ಹೋಗುವ ಮನೆಗಳು

ಕಾರ್ಖಾನೆಗಳ ಹಂಗಾಮು ದೀಪಾವಳಿಯ ಆಸುಪಾಸಿನಲ್ಲಿ ಹಿಡಿದರೆ ಮಾರ್ಚ್‌ವರೆಗೂ ನಡೆಯುತ್ತದೆ. ಜತ್ತದಂಥ ಬರದ ತಾಲ್ಲೂಕುಗಳಿಂದ ಕಟಾವಿಗೆ ಹೋಗುವ ದಂಪತಿಗಳು ಮಕ್ಕಳನ್ನೂ ಬಂಡಿ ಹತ್ತಿಸುತ್ತಾರೆ. ಹೋದ ಊರಿನಲ್ಲಿ ಕನ್ನಡ ಶಾಲೆ ಇರುವುದಿಲ್ಲ. ಮಗು ಮರಾಠಿ ಶಾಲೆಯಲ್ಲಿ ಮೂಕನಾಗಿ ಕೂರುತ್ತದೆ, ಇಲ್ಲವೇ ಫಡದಲ್ಲೇ ಉಳಿಯುತ್ತದೆ. ಮರಳಿ ಬರುವ ಹೊತ್ತಿಗೆ ವರ್ಷ ಮುಗಿದಿರುತ್ತದೆ.

ಅಜ್ಜ ಅಜ್ಜಿಯರಿದ್ದರೆ ಮಗುವನ್ನು ಊರಲ್ಲೇ ಬಿಡುವುದು ಮೇಲು. ಕಟಾವಿಗೆ ಹೋಗುವವರ ಮಕ್ಕಳಿಗಾಗಿ ಹಂಗಾಮಿ ವಸತಿಗೃಹದ ವ್ಯವಸ್ಥೆ ನಿಮ್ಮ ಶಾಲೆಯಲ್ಲಿ ಉಂಟೇ ಎಂದು ಹೊರಡುವ ಮೊದಲೇ ಮುಖ್ಯಗುರುಗಳನ್ನು ಕೇಳಿ. ಕರೆದೊಯ್ಯುವುದು ಅನಿವಾರ್ಯವೆಂದರೆ ಪುಸ್ತಕಗಳನ್ನು ಗಂಟಿನಲ್ಲಿ ಕಟ್ಟಿ. ಮೊಬೈಲ್ ಇದ್ದರೆ ಬಾಲಭಾರತಿಯ ಜಾಲತಾಣದಲ್ಲಿ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಉಚಿತವಾಗಿ ಸಿಗುತ್ತವೆ. ತಿರುಗಿ ಬಂದಾಗ ದಾಖಲೆ ತಡವಾಯಿತೆಂದು ಯಾವ ಸರ್ಕಾರಿ ಶಾಲೆಯೂ ಮಗುವನ್ನು ಹೊರಗಿಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಈ ರಕ್ಷಣೆ ಕೊಟ್ಟಿದೆ.

ಊರಲ್ಲಿ ಬಿಟ್ಟು ಹೋದವರು ರಾತ್ರಿ ಫೋನ್ ಮಾಡಿದಾಗ ‘ಉಂಡೆಯೇನು, ಮಲಗು’ ಎಂದಷ್ಟೇ ಹೇಳಿ ಇಡಬೇಡಿ. ಇಂದು ಯಾವ ಪಾಠ ಆಯಿತು, ಓದಿ ಹೇಳು ಎನ್ನಿ. ನಿಮಗೆ ಓದು ಬಾರದಿದ್ದರೂ ಕೇಳಲು ಬರುತ್ತದೆ.

ಹೆಸರು ಹಚ್ಚುವ ಮುನ್ನ

ಯುಗಾದಿಯೂ ಗುಡಿ ಪಾಡ್ವವೂ ಒಂದೇ ದಿನ. ಅಂಗಳದಲ್ಲಿ ಗುಡಿ, ಕೈಯಲ್ಲಿ ಬೇವು ಬೆಲ್ಲ. ಆ ಹೊತ್ತಿಗೆ ಶಾಲೆಯ ಗುರುಗಳು ಹೊಸ ಮಕ್ಕಳನ್ನು ಹುಡುಕುತ್ತ ಮನೆಮನೆಗೆ ಬರುತ್ತಾರೆ. ಅವರೊಡನೆ ಕೂತು ಮಾತಾಡಲು ಈ ಸಂಗತಿಗಳು ನಿಮ್ಮ ತಲೆಯಲ್ಲಿರಲಿ.

ಕನ್ನಡ ಮಾಧ್ಯಮ ಎಂದರೆ ಕನ್ನಡವೊಂದೇ ಅಲ್ಲ. ಮಹಾರಾಷ್ಟ್ರದ ಶಾಲೆಗಳಲ್ಲಿ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಇದೆ. 2020ರ ಕಾಯ್ದೆಯಂತೆ ಮರಾಠಿಯೂ ಕಡ್ಡಾಯ. ಹತ್ತನೇ ಇಯತ್ತೆಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿಯೇ ಹೇಳುತ್ತದೆ.

ತೊಡಕೂ ಇದೆ. ಕನ್ನಡ ಪ್ರೌಢಶಾಲೆ ಎಲ್ಲ ಹಳ್ಳಿಗೂ ಹತ್ತಿರವಿಲ್ಲ. ಯಾವ ಊರಲ್ಲಿದೆ, ಬಸ್ಸು ಎಷ್ಟು ಹೊತ್ತಿಗೆ, ಹೆಣ್ಣುಮಕ್ಕಳು ಹೇಗೆ ಹೋಗಿಬರುತ್ತಾರೆ ಎಂಬುದನ್ನು ಇಂದೇ ವಿಚಾರಿಸಿ, ಏಳನೇ ಇಯತ್ತೆ ಮುಗಿದ ಮೇಲಲ್ಲ.

ಶಾಲೆಯ ದಾಖಲೆಯಲ್ಲಿ ‘ಮಾತೃಭಾಷೆ’ ಎಂಬ ಅಂಕಣವಿರುತ್ತದೆ. ಅಲ್ಲಿ ಕನ್ನಡ ಎಂದೇ ಬರೆದಿದೆಯೇ, ಕಣ್ಣಾರೆ ನೋಡಿ. ಕರ್ನಾಟಕದ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳ ಗಡಿನಾಡ ಕನ್ನಡಿಗರಿಗೆ ಅರ್ಹತೆ ಕೊಡಲಾಗಿದೆ. ಅದಕ್ಕೆ ಮಾತೃಭಾಷೆಯ ದಾಖಲೆ, ಇಲ್ಲಿ ಓದಿದ ವರ್ಷಗಳ ದಾಖಲೆ, ಕನ್ನಡ ಪರೀಕ್ಷೆ ಬೇಕಾಗುತ್ತದೆ. ಒಂದನೇ ಇಯತ್ತೆಯಲ್ಲಿ ತಪ್ಪಿ ಬರೆದದ್ದನ್ನು ಹನ್ನೆರಡನೇ ಇಯತ್ತೆಯಲ್ಲಿ ತಿದ್ದಿಸುವುದು ಹೈರಾಣ.

ಇನ್ನು ಕಡೆಯದು ಲೆಕ್ಕದ ಮಾತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ಇಯತ್ತೆವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ಕ್ಕೆ ಮೂರನೆಯವರು. ಐದು ಇಯತ್ತೆಗಳನ್ನು ಇಬ್ಬರೇ ಎಳೆಯುತ್ತಿರುವ ಶಾಲೆಗೆ ಒಂದೆರಡು ಮಕ್ಕಳ ಹೆಚ್ಚುಕಡಿಮೆಯಿಂದ ಎಷ್ಟು ಅಂತರವಾಗುತ್ತದೆಂದು ನೀವೇ ಎಣಿಸಿ. ಗುರುಗಳು ಬಂದಾಗ ನಿಮ್ಮ ಮಗುವಿನ ಹೆಸರು ಬರೆಸಿ. ಓಣಿಯಲ್ಲಿ ಕನ್ನಡ ಮಾತಾಡುವ ಇನ್ನೊಂದು ಮನೆಯಲ್ಲಿ ಆರು ತುಂಬಿದ ಮಗುವಿದ್ದರೆ ಅವರನ್ನು ಆ ಮನೆಗೂ ಕರೆದುಕೊಂಡು ಹೋಗಿ.