ಸ್ಟಿಕ್ಕರ್ ಅಡಿಯ ಬಿಳಿ ಬೊಟ್ಟು

ನಾಗಸಂದ್ರ ಮೆಟ್ರೋ ನಿಲ್ದಾಣದ ಸುತ್ತಮುತ್ತ ಒಂದು ಸುತ್ತು ಹಾಕಿ. ಪಾರ್ಲರ್ ಬೋರ್ಡುಗಳೆಲ್ಲ ಬೆಳ್ಳಗೆ ಮಾಡುವ ಮಾತನ್ನೇ ಆಡುತ್ತವೆ. ಒಳಗಿರುವ ಬ್ಯೂಟಿಷಿಯನ್ ಹತ್ತಿರ ಉಲ್ಟಾ ಬೇಡಿಕೆಯೂ ಬರುತ್ತದೆ. ಹಣೆಯ ಸ್ಟಿಕ್ಕರ್ ಕಿತ್ತರೆ ಅಡಿಯಲ್ಲಿ ಅಷ್ಟೇ ಅಗಲದ ಹಾಲುಬಿಳಿ ಬೊಟ್ಟು. "ಇದನ್ನ ಕಪ್ಪು ಮಾಡಿಕೊಡಿ ಮೇಡಂ."

ಚರ್ಮಕ್ಕೆ ಬಣ್ಣ ಕೊಡುವುದು ಮೆಲನೊಸೈಟ್ ಎಂಬ ಕೋಶ. ಟೈರೋಸಿನ್ ಎಂಬ ಅಮೈನೊ ಆಮ್ಲದಿಂದ ಮೆಲನಿನ್ ತಯಾರಿಸಿ ಸುತ್ತಲಿನ ಮೂವತ್ತು ನಲವತ್ತು ಕೋಶಗಳಿಗೆ ಹಂಚುವುದು ಅದರ ಕಸುಬು. ಕೆಲವು ಸ್ಟಿಕ್ಕರ್‌ಗಳ ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ನೋಡಲು ಟೈರೋಸಿನ್‌ನ ತಮ್ಮನಂತಿದೆ. ಮೋಸಹೋದ ಮೆಲನೊಸೈಟ್ ಸಾಯುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಆದವರಿಗೆ ಮಾತ್ರ ಸಂಕಟ. ಪಕ್ಕದ ಪೀಣ್ಯದಲ್ಲಿ ಗ್ಲೌಸ್ ಹಾಕಿ ದುಡಿಯುವವರೂ ಇದನ್ನು ತಿಳಿದಿರಲಿ: ಅಮೆರಿಕದ ಚರ್ಮ ಹದಮಾಡುವ ಕಾರ್ಖಾನೆಯೊಂದರ ಕಾರ್ಮಿಕರ ಕೈಗಳು ಬಿಳಿಚಿಕೊಂಡದ್ದು ರಬ್ಬರ್ ಗ್ಲೌಸಿನಲ್ಲಿದ್ದ ಇಂಥದೇ ರಾಸಾಯನಿಕದಿಂದ ಎಂದು 1939ರಲ್ಲೇ ವರದಿಯಾಗಿತ್ತು.

ಕಪ್ಪು ಮಾಡುವ ಉಪಾಯಗಳಲ್ಲಿ ನನಗೆ ಬಲು ಇಷ್ಟವಾದದ್ದು 1950ರ ದಶಕದ ಸಿನ್ಸಿನಾಟಿಯದು. ಇವಾ ವಿಟ್ಗೆನ್‌ಸ್ಟೈನ್ ಎಂಬಾಕೆ ಕಾಯಿಲೆಯ ಮಕ್ಕಳಿಗೆ ಡೈಹೈಡ್ರಾಕ್ಸಿ ಅಸಿಟೋನ್ ಎಂಬ ಸಕ್ಕರೆ ಕುಡಿಸುತ್ತಿದ್ದರು. ಚೆಲ್ಲಿದಲ್ಲಿ ಚರ್ಮ ಕಂದಾಯಿತು, ಬಟ್ಟೆಗೆ ಕಲೆಯೇ ಇಲ್ಲ! ಕಾವಲಿಯ ಮೇಲೆ ದೋಸೆ ಕೆಂಪಗಾಗುವುದೂ ಇದೇ ಜಾತಿಯ ಕ್ರಿಯೆ, ಇಲ್ಲಿ ಒಲೆ ಬೇಕಿಲ್ಲ ಅಷ್ಟೆ. ಆದರೆ ಬಣ್ಣ ಹಿಡಿಯುವುದು ಸತ್ತ ಮೇಲ್ಪದರಕ್ಕೆ. ವಾರದೊಳಗೆ ಉದುರಿಹೋಗುತ್ತದೆ. ಐರನ್ ಆಕ್ಸೈಡ್ ಚುಚ್ಚುವ ಮೈಕ್ರೋಪಿಗ್ಮೆಂಟೇಶನ್ ಹೆಚ್ಚು ದಿನ ಬಾಳುತ್ತದೆ, ಅದೂ ಹಚ್ಚೆಯೇ. ಇಂಥದೇ ಬಿಳಿ ಮಚ್ಚೆಗಳ ಕಾಯಿಲೆ ತೊನ್ನು; ಅದು ಹರಡುತ್ತಿರುವಾಗ ಸೂಜಿ ತಾಗಿದರೆ ಗಾಯವಾದಲ್ಲೇ ಹೊಸ ಮಚ್ಚೆ ಏಳಬಹುದು.

ಇವೆಲ್ಲ ಸುಣ್ಣಬಣ್ಣ. ಕೋಶಗಳನ್ನು ಮತ್ತೆ ಕೆಲಸಕ್ಕೆ ಹಚ್ಚುವುದು ಬೇರೆ ವಿದ್ಯೆ, ಅದು ಚರ್ಮವೈದ್ಯರದು. ಗ್ರಂಧಿಗೆ ಅಂಗಡಿಯ ಬಾವಂಚಿ ಬೀಜದಲ್ಲಿ ಸೊರಾಲೆನ್ ಇದೆ; ಅದು ಮೈಗೆ ಸೇರಿದ ಮೇಲೆ ಬಿಸಿಲು ತಾಗಿದರೆ ಚರ್ಮ ಕಪ್ಪಾಗುತ್ತದೆ. ಅಳತೆ ತಪ್ಪಿದರೆ ಬೊಬ್ಬೆ ಏಳುತ್ತದೆ, ಆದ್ದರಿಂದ ಮನೆಯಲ್ಲಿ ಅರೆದು ಹಚ್ಚಿಕೊಳ್ಳುವ ಸಾಹಸ ಬೇಡ. ಕೈರೋದ ಎಲ್ ಮೊಫ್ಟಿ 1948ರಲ್ಲಿ ಈಜಿಪ್ಟಿನ ಇನ್ನೊಂದು ಗಿಡದ ಸೊರಾಲೆನ್‌ನಿಂದ ತೊನ್ನಿಗೆ ಚಿಕಿತ್ಸೆ ಕೊಟ್ಟದ್ದನ್ನು ಪ್ರಕಟಿಸಿದರು. ಈಗ ಸೊರಾಲೆನ್ ಮಾತ್ರೆಯ ಗೋಜಿಲ್ಲದೆ, 311 ನ್ಯಾನೊಮೀಟರ್ ಆಸುಪಾಸಿನ ನೇರಳಾತೀತ ಬೆಳಕನ್ನು ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ಕೊಡುತ್ತಾರೆ. ರಕ್ಸೊಲಿಟಿನಿಬ್ ಎಂಬ ಮುಲಾಮನ್ನು ತೊನ್ನಿಗೆ ಬಳಸಲು ಅಮೆರಿಕ 2022ರಲ್ಲಿ ಒಪ್ಪಿಗೆ ಕೊಟ್ಟಿತು.

ಬಣ್ಣ ಹಿಂದಿರುಗುವಾಗ ಮಚ್ಚೆಯ ಬಿಳುಪಿನ ನಡುವೆ ಸಾಸಿವೆಯಷ್ಟು ಚುಕ್ಕಿಗಳು ಮೂಡುತ್ತವೆ. ಒಂದೊಂದು ಚುಕ್ಕಿಯ ನಡುವೆ ಒಂದು ಕೂದಲು: ಮೆಲನೊಸೈಟ್‌ನ ದಾಸ್ತಾನು ಇರುವುದು ಕೂದಲ ಬುಡದಲ್ಲೇ.

ಹಣೆಯಲ್ಲಿ ಬಿಳಿ ಬೊಟ್ಟು ಕಂಡರೆ ಮೊದಲು ಸ್ಟಿಕ್ಕರ್ ಬಿಡಿ, ಚರ್ಮವೈದ್ಯರಿಗೆ ತೋರಿಸಿ. ಬಿಳಿ ಜಾಗದ ಕೂದಲು ಇನ್ನೂ ಕಪ್ಪಗಿದ್ದರೆ ಬಣ್ಣ ಮರಳುವ ಸಾಧ್ಯತೆ ಹೆಚ್ಚು.