ಅಂಬಾಸಿಡರಿಗೆ ಹೊಸ ಹೆಡ್ಡು, ಹೊಸ ಕ್ಯಾಮ್‌ಶಾಫ್ಟು



ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ಕಾರಿನ ತಯಾರಿ 2014ರಲ್ಲಿ ನಿಂತಿತು. ಹಾಗೆಂದು ನಮ್ಮ ಅಂಗಳದಲ್ಲಿರುವ ಕಾರು ಅದೇ ದಿನ ನಿಲ್ಲಲಿಲ್ಲವಷ್ಟೆ. ಕುಂಬಳೆಯಿಂದ ಪೆರ್ಲದವರೆಗೆ, ಬದಿಯಡ್ಕದಿಂದ ಮುಳ್ಳೇರಿಯದವರೆಗೆ ಒಂದು ಕಾಲದಲ್ಲಿ ಬಾಡಿಗೆ ಕಾರೆಂದರೆ ಅದೇ. ಮದುವೆಗೂ ಅದೇ, ಆಸ್ಪತ್ರೆಗೂ ಅದೇ. ಈಗಲೂ ಕೆಲವರು ಅದನ್ನು ಪ್ರೀತಿಯಿಂದ ಇಟ್ಟುಕೊಂಡಿದ್ದಾರೆ. ಅಂಥವರಿಗೆ ಒಂದಲ್ಲ ಒಂದು ದಿನ ಮೆಕ್ಯಾನಿಕ್ ಹೇಳುವ ಮಾತು, "ಹೆಡ್ ಹೋಗಿದೆ, ಕ್ಯಾಮ್ ಕೂಡ ಸವೆದಿದೆ, ಎರಡೂ ಹಾಕಬೇಕು." ಮಲಯಾಳದಲ್ಲಿ ಹೇಳಿದರೂ ತುಳುವಿನಲ್ಲಿ ಹೇಳಿದರೂ ಹೆಡ್ ಹೆಡ್ಡೇ, ಕ್ಯಾಮ್ ಕ್ಯಾಮೇ. ಈ ಶಬ್ದಗಳಿಗೆ ಚೆಕ್‌ಪೋಸ್ಟ್ ಇಲ್ಲ. ಆದರೆ ಆ ಮಾತಿನ ಹಿಂದೆ ದೊಡ್ಡ ಖರ್ಚು ಇರುತ್ತದೆ. ಅದು ನಿಜವೋ ಅಲ್ಲವೋ ಎಂದು ನೋಡುವುದು ಹೇಗೆ, ನಿಜವಾದರೆ ಕೆಲಸ ಹೇಗೆ ನಡೆಯಬೇಕು ಎಂಬುದೇ ಇವತ್ತಿನ ವಿಷಯ.

ನಾನು ಹೇಳುವುದು ಹಳೆಯ 1489 ಸಿ.ಸಿ. ಪೆಟ್ರೋಲ್ ಇಂಜಿನಿನ ಬಗ್ಗೆ. ಇದು ಬ್ರಿಟಿಷ್ ಬಿ.ಎಂ.ಸಿ. ಕಂಪೆನಿಯ ವಿನ್ಯಾಸ. ಆಮೇಲೆ ಬಂದ 1800 ಸಿ.ಸಿ. ಇಸುಜು ಇಂಜಿನಿನಲ್ಲಿ ಕ್ಯಾಮ್‌ಶಾಫ್ಟ್ ಹೆಡ್ಡಿನ ಮೇಲೆಯೇ ಕೂತಿದೆ, ಅದರ ದಾರಿ ಬೇರೆ. ಡೀಸೆಲ್ ಇಂಜಿನಿಗೂ ಈ ಮಾತು ಪೂರ್ತಿ ಹೊಂದುವುದಿಲ್ಲ.

ಇಂಜಿನಿನ ಕೆಳಗಿನ ದೊಡ್ಡ ಎರಕದ ಭಾಗ ಬ್ಲಾಕ್. ಅದರಲ್ಲಿ ನಾಲ್ಕು ಸಿಲಿಂಡರ್. ಮೇಲೆ ಮುಚ್ಚಳದಂತೆ ಕೂತಿರುವುದು ಸಿಲಿಂಡರ್ ಹೆಡ್. ಅದರಲ್ಲಿ ಎಂಟು ವಾಲ್ವ್‌ಗಳು, ಪ್ರತಿ ಸಿಲಿಂಡರಿಗೆ ಒಳಗೆ ಬಿಡುವುದೊಂದು, ಹೊಗೆ ಕಳಿಸುವುದೊಂದು. ಈ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಮಾತ್ರ ಕೆಳಗೆ ಬ್ಲಾಕಿನ ಪಕ್ಕೆಯಲ್ಲಿದೆ. ಅದೊಂದು ಉದ್ದದ ದಂಡ, ಮೈಮೇಲೆ ಎಂಟು ಮೊಟ್ಟೆಯಾಕಾರದ ಉಬ್ಬುಗಳು. ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್‌ರಾಡನ್ನು, ಪುಶ್‌ರಾಡ್ ರಾಕರನ್ನು ತಳ್ಳುತ್ತದೆ, ರಾಕರ್ ವಾಲ್ವನ್ನು ಒತ್ತುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗುವಾಗ ಕ್ಯಾಮ್ ಒಂದೇ ಸುತ್ತು. ಇಂಜಿನ್ ನಿಮಿಷಕ್ಕೆ 3000 ಸುತ್ತು ಓಡುತ್ತಿದ್ದರೆ ಒಂದೊಂದು ವಾಲ್ವೂ ನಿಮಿಷಕ್ಕೆ 1500 ಸಲ ತೆರೆದು ಮುಚ್ಚುತ್ತದೆ. ಇಷ್ಟು ಸಲ ಉಜ್ಜಿದರೆ ಕಬ್ಬಿಣವಾದರೂ ಸವೆಯದೆ ಇರುತ್ತದೆಯೇ?

ಈಗ ಪರೀಕ್ಷೆ. ರಾಕರಿಗೂ ವಾಲ್ವಿಗೂ ನಡುವೆ ಒಂದು ಸಣ್ಣ ಸಂದು ಇರಬೇಕು. ಈ ಇಂಜಿನಿಗೆ ರೂಢಿಯಲ್ಲಿರುವ ಅಳತೆ 15 ಥೌ, ಎಂದರೆ ಇಂಚಿನ ಸಾವಿರದ ಹದಿನೈದು ಭಾಗ. ಆ ಸಂದು ಎತ್ತ ಬದಲಾಗುತ್ತಿದೆ ಎಂಬುದರಲ್ಲಿ ಅರ್ಧ ಉತ್ತರ ಇದೆ. ಪ್ರತಿ ಸಲ ನೋಡುವಾಗ ಹೊಗೆ ವಾಲ್ವಿನ ಸಂದು ಕಿರಿದಾಗುತ್ತಿದ್ದರೆ ದೋಷ ಹೆಡ್ಡಿನಲ್ಲಿ. ಕಾರಣ ಹೀಗೆ: ಹಿಂದಿನ ಪೆಟ್ರೋಲಿನಲ್ಲಿ ಸೀಸ ಇತ್ತು. ಅದು ವಾಲ್ವಿಗೂ ಅದು ಕೂರುವ ಸೀಟಿಗೂ ನಡುವೆ ತೆಳ್ಳಗೆ ಲೇಪವಾಗಿ ನಿಂತು ಸೀಟನ್ನು ಕಾಪಾಡುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂತು. ಜನರ ಆರೋಗ್ಯಕ್ಕೆ ಅದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಎರಕದ ಹೆಡ್ಡಿನ ಮೆತ್ತಗಿನ ಸೀಟಿಗೆ ಆಸರೆ ತಪ್ಪಿತು. ವಾಲ್ವ್ ಸೀಟಿನೊಳಗೆ ಮೆಲ್ಲಮೆಲ್ಲನೆ ಹೂತುಹೋಗುತ್ತದೆ, ಅದರ ಬಾಲ ಮೇಲಕ್ಕೆ ಬಂದು ರಾಕರನ್ನು ಮುಟ್ಟುತ್ತದೆ, ಕಡೆಗೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ.

ಅದೇ ಸಂದು ಒಂದೆರಡು ವಾಲ್ವಿನಲ್ಲಿ ಮತ್ತೆ ಮತ್ತೆ ಅಗಲವಾಗುತ್ತಿದ್ದರೆ, ಎಷ್ಟು ಸರಿಮಾಡಿದರೂ ಟಕ್ ಟಕ್ ಸದ್ದು ಮರಳಿ ಬರುತ್ತಿದ್ದರೆ, ಕ್ಯಾಮಿನ ಉಬ್ಬೋ ಟ್ಯಾಪೆಟ್ಟೋ ಸವೆದಿದೆ ಎಂದು ಸಂಶಯಪಡಬಹುದು. ಡಯಲ್ ಗೇಜ್ ಇರುವ ವರ್ಕ್‌ಶಾಪಿನಲ್ಲಿ ಎಂಟು ಪುಶ್‌ರಾಡ್‌ಗಳೂ ಎಷ್ಟೆಷ್ಟು ಏಳುತ್ತವೆ ಎಂದು ಅಳೆಸಿ. ಏಳರ ಎತ್ತ ಒಂದೇ ಆಗಿದ್ದು ಒಂದು ಕಡಿಮೆ ಬಂದರೆ ಅಪರಾಧಿ ಸಿಕ್ಕಿದ. ಇದಕ್ಕೆ ಇಂಜಿನ್ ಬಿಚ್ಚಬೇಕಾಗಿಲ್ಲ, ಮೇಲಿನ ತಗಡಿನ ಮುಚ್ಚಳ ತೆಗೆದರೆ ಸಾಕು.

ಕಂಪ್ರೆಶನ್ ಪರೀಕ್ಷೆಯನ್ನೂ ಮಾಡಿಸಿ. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಸವೆದಿರುವುದು ಪಿಸ್ಟನ್ ರಿಂಗ್. ಹೊಸ ಹೆಡ್ ಹಾಕಿ ಪ್ರಯೋಜನವಿಲ್ಲ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರಿನಲ್ಲಿ ಒಟ್ಟಿಗೆ ಕಡಿಮೆ ಬಂದರೆ ಹೆಚ್ಚಾಗಿ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುತ್ತದೆ. ಬರೀ "ಹೆಡ್ ಕೆಲಸ, ಇಷ್ಟು ರೂಪಾಯಿ" ಎಂದು ಒಂದು ಗೆರೆಯಲ್ಲಿ ಬರೆದುಕೊಟ್ಟದ್ದನ್ನು ನಾನು ಎಸ್ಟಿಮೇಟ್ ಎಂದು ಕರೆಯುವುದಿಲ್ಲ. ಯಾವ ಸಿಲಿಂಡರಿನಲ್ಲಿ ಎಷ್ಟು ಒತ್ತಡ ಬಂತು ಎಂದು ಕೇಳಿ ಬರೆಸಿಕೊಳ್ಳಿ.

ಹೆಡ್ಡೇ ಹೋಗಿದೆ ಎಂದು ಖಚಿತವಾದರೆ ಬಿಚ್ಚುವ ಕೆಲಸ. ಮೊದಲು ರೇಡಿಯೇಟರಿನ ಮತ್ತು ಬ್ಲಾಕಿನ ನೀರು ಪೂರ್ತಿ ಇಳಿಸಬೇಕು. ಈ ಇಂಜಿನಿನಲ್ಲಿ ಹೆಡ್ ಹಿಡಿಯುವ 11 ನಟ್ಟುಗಳ ಪೈಕಿ ನಾಲ್ಕು ರಾಕರ್ ಕಂಬಗಳನ್ನೂ ಹಿಡಿದಿವೆ. ರಾಕರ್ ಮಾತ್ರ ತೆಗೆಯುತ್ತೇನೆಂದು ಆ ನಾಲ್ಕನ್ನೇ ಬಿಚ್ಚಿದರೆ ಹೆಡ್ ಸೊಟ್ಟಗಾದೀತು, ನೀರು ಸಿಲಿಂಡರಿಗೆ ಇಳಿದೀತು. ಹನ್ನೊಂದನ್ನೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಪುಶ್‌ರಾಡ್‌ಗಳನ್ನು ರಟ್ಟಿಗೆ ಎಂಟು ತೂತು ಕೊರೆದು ನಂಬರ್ ಹಾಕಿ ಕ್ರಮವಾಗಿ ಚುಚ್ಚಿಡಿ.

ಕ್ಯಾಮ್ ತೆಗೆಯಲು ಇನ್ನೂ ಕೆಲಸ ಇದೆ. ರೇಡಿಯೇಟರ್, ಮುಂದಿನ ಟೈಮಿಂಗ್ ಕವರ್, ಚೈನು, ಪಕ್ಕೆಯ ಎರಡು ಮುಚ್ಚಳ ತೆಗೆದು ಟ್ಯಾಪೆಟ್ಟುಗಳು, ಡಿಸ್ಟ್ರಿಬ್ಯೂಟರ್ ತಿರುಗಿಸುವ ಸಣ್ಣ ದಂಡ, ಇಷ್ಟೂ ಹೊರಬರಬೇಕು. ಆಯಿಲ್ ಪಂಪ್ ಓಡುವುದೂ ಕ್ಯಾಮಿನಿಂದಲೇ ಆದ್ದರಿಂದ ಕೆಳಗಿನ ಸಂಪ್ ಕೂಡ ಇಳಿಸಬೇಕು. ಹೀಗಾಗಿ ಇಂಜಿನ್ನನ್ನೇ ಎತ್ತಿ ಕೆಳಗಿಟ್ಟು ಮಾಡುವುದು ಲೇಸು. ಕ್ಯಾಮ್‌ಶಾಫ್ಟನ್ನು ಎಳೆಯುವಾಗಲೂ ತೂರಿಸುವಾಗಲೂ ನಿಧಾನವಾಗಿ ತಿರುಗಿಸುತ್ತಾ ಹೋಗಬೇಕು. ಉಬ್ಬಿನ ಅಂಚು ತಾಗಿದರೆ ಒಳಗಿನ ಮೂರು ಬೇರಿಂಗುಗಳಿಗೆ ಗೀರು ಬೀಳುತ್ತದೆ.

ಹೊಸ ಹೆಡ್ ಎಂದು ತಂದದ್ದು ಹೆಚ್ಚಾಗಿ ರಿಪೇರಿ ಮಾಡಿದ ಹಳೆಯದೇ ಆಗಿರುತ್ತದೆ. ಅದರಲ್ಲಿ ತಪ್ಪಿಲ್ಲ, ನೋಡಿ ತರಬೇಕು. ಹೊಗೆ ವಾಲ್ವಿನ ಜಾಗಕ್ಕೆ ಗಟ್ಟಿ ಉಕ್ಕಿನ ಸೀಟ್ ಕೂರಿಸಿದ್ದಾರೆಯೇ? ಸೀಟುಗಳ ನಡುವೆ ಕೂದಲೆಳೆಯ ಬಿರುಕಿಲ್ಲವೇ? ತಳ ಸಪಾಟಾಗಿದೆಯೇ? ನೇರ ಉಕ್ಕಿನ ಪಟ್ಟಿ ಇಟ್ಟು ಕೆಳಗೆ ಫೀಲರ್ ಗೇಜ್ ತೂರುತ್ತದೆಯೋ ನೋಡಿದರೆ ತಿಳಿಯುತ್ತದೆ. ಬ್ಲಾಕಿನ ಮೇಲ್ಮೈಯನ್ನೂ ಹಾಗೆಯೇ ನೋಡಬೇಕು. ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುತ್ತದೆ. ಒಣಗಿದ್ದನ್ನು ಕೆರೆದು ಧೂಳೆಬ್ಬಿಸಬೇಡಿ, ಒದ್ದೆಮಾಡಿ ತೆಗೆಯಿರಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಹೊಸ ಕ್ಯಾಮಿಗೆ ಹೊಸ ಟ್ಯಾಪೆಟ್ಟೇ ಹಾಕಬೇಕು. ಹಳೆಯ ಟ್ಯಾಪೆಟ್ಟಿನ ತಳ ಹಳೆಯ ಉಬ್ಬಿಗೆ ತಕ್ಕಂತೆ ಸವೆದಿರುತ್ತದೆ. ಅದನ್ನು ಹೊಸ ಉಬ್ಬಿನ ಮೇಲಿಟ್ಟರೆ ಕೆಲವೇ ದಿನಗಳಲ್ಲಿ ಉಬ್ಬು ತಿಂದುಹೋಗುತ್ತದೆ. ಎಂಟು ಟ್ಯಾಪೆಟ್ಟಿನ ಹಣ ಉಳಿಸಲು ಹೋಗಿ ಕ್ಯಾಮ್‌ಶಾಫ್ಟನ್ನೇ ಕಳೆದುಕೊಳ್ಳುವುದು ಯಾವ ಲೆಕ್ಕ?

ಚೈನು ಹಾಕುವಾಗ ಎರಡು ಹಲ್ಲುಚಕ್ರಗಳ ಮೇಲಿನ ಚುಕ್ಕೆಗಳು ಒಂದಕ್ಕೊಂದು ಎದುರುಬದುರಾಗಿ ನೇರ ಗೆರೆಯಲ್ಲಿ ಬರಬೇಕು. ಒಂದು ಹಲ್ಲು ತಪ್ಪಿದರೂ ಕಾರು ಏರು ಹತ್ತುವುದಿಲ್ಲ. ಹೆಡ್ ಗ್ಯಾಸ್ಕೆಟ್ಟನ್ನು ಮೇಲು ಕೆಳಗು, ಹಿಂದು ಮುಂದು ನೋಡಿ ಕೂರಿಸಿ, ನಟ್ಟುಗಳನ್ನು ನಡುವಿನಿಂದ ಶುರುಮಾಡಿ ಹೊರಗಡೆಗೆ, ಮೂರು ಸುತ್ತಿನಲ್ಲಿ, ಟಾರ್ಕ್ ವ್ರೆಂಚಿನಿಂದ ಸುಮಾರು 40 ಪೌಂಡ್-ಅಡಿಗೆ ಬಿಗಿ ಮಾಡಬೇಕು. ಕೈ ಅಂದಾಜು ಇಲ್ಲಿ ಬೇಡ.

ಸಂದು ಇಡಲು ಒಂದು ಸೊಗಸಾದ ಲೆಕ್ಕ ಇದೆ, ಒಂಬತ್ತರ ಲೆಕ್ಕ. ಮುಂದಿನಿಂದ ವಾಲ್ವ್‌ಗಳನ್ನು ಒಂದರಿಂದ ಎಂಟರವರೆಗೆ ಎಣಿಸಿ. ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದರ ಸಂದು ಸರಿಮಾಡಿ, ಏಳನೆಯದು ತೆರೆದಾಗ ಎರಡನೆಯದು, ಆರಕ್ಕೆ ಮೂರು. ಕೂಡಿದರೆ ಯಾವಾಗಲೂ ಒಂಬತ್ತು. ಮಗ್ಗಿ ಬಲ್ಲ ಹುಡುಗನೂ ಮಾಡಬಹುದು.

ಡಿಸ್ಟ್ರಿಬ್ಯೂಟರ್ ದಂಡ ಕೂರಿಸುವಾಗ ಒಂದನೆಯ ಪಿಸ್ಟನ್ ಕಂಪ್ರೆಶನ್ ಹೊಡೆತದ ತುದಿಯಲ್ಲಿರಬೇಕು. ಆಗ ನಾಲ್ಕನೆಯ ಸಿಲಿಂಡರಿನ ಎರಡು ವಾಲ್ವ್‌ಗಳು ಒಂದು ಮುಚ್ಚಿ ಇನ್ನೊಂದು ತೆರೆಯುವ ಹಂತದಲ್ಲಿರುತ್ತವೆ. ಕಿಡಿಯ ಕ್ರಮ 1, 3, 4, 2.

ಇನ್ನು ಮೊದಲ ಸ್ಟಾರ್ಟ್. ಹೊಸ ಕ್ಯಾಮಿನ ಆಯುಷ್ಯ ನಿರ್ಧಾರವಾಗುವುದು ಈ ಮೊದಲ ಇಪ್ಪತ್ತು ನಿಮಿಷದಲ್ಲಿ. ಉಬ್ಬುಗಳಿಗೂ ಟ್ಯಾಪೆಟ್ ತಳಕ್ಕೂ ಜೋಡಿಸುವಾಗಲೇ ಮಾಲಿಬ್ಡಿನಂ ಗ್ರೀಸ್ ಹಚ್ಚಿರಬೇಕು. ಇಂದಿನ ಹೊಸ ಪೆಟ್ರೋಲ್ ಕಾರುಗಳ ಆಯಿಲಿನಲ್ಲಿ ಜಿಂಕ್ ಅಂಶ ಕಡಿಮೆ ಮಾಡಿದ್ದಾರೆ. ಹಳೆಯ ಇಂಜಿನಿಗೆ ಜಿಂಕ್ ಹೆಚ್ಚಿರುವ ಆಯಿಲ್ ಕೇಳಿ ತನ್ನಿ. ಪ್ಲಗ್ ಬಿಚ್ಚಿ ಕ್ರ್ಯಾಂಕ್ ತಿರುಗಿಸಿ ಮೊದಲು ಆಯಿಲ್ ಒತ್ತಡ ಬರಿಸಿ. ಆಮೇಲೆ ಸ್ಟಾರ್ಟ್ ಆದ ಕೂಡಲೇ ಐಡ್ಲಿಂಗ್‌ಗೆ ಬಿಡದೆ ಸುಮಾರು 2000 ಸುತ್ತಿನಲ್ಲಿ ಇಪ್ಪತ್ತು ನಿಮಿಷ ಓಡಿಸಿ. ಐಡ್ಲಿಂಗ್‌ನಲ್ಲಿ ಉಬ್ಬಿಗೆ ಚಿಮ್ಮುವ ಎಣ್ಣೆ ಸಾಲದು, ಹೊಸ ಮೈ ಹೊಸ ಮೈಗೆ ಕಚ್ಚುತ್ತದೆ. ನೀರು ಕಾಯುತ್ತದೆಯೋ, ಆಯಿಲ್ ಸೋರುತ್ತದೆಯೋ ಎಂದು ಒಬ್ಬರು ನೋಡುತ್ತಲೇ ಇರಬೇಕು.

ಮೊದಲ 500 ಕಿಲೋಮೀಟರ್ ಆದ ಮೇಲೆ ಆಯಿಲ್ ಬದಲಿಸಿ, ಇಂಜಿನ್ ತಣ್ಣಗಿರುವಾಗ ಹೆಡ್ ನಟ್ಟುಗಳ ಬಿಗಿ ಮತ್ತು ಎಂಟು ಸಂದುಗಳನ್ನು ಮತ್ತೊಮ್ಮೆ ನೋಡಿಸಿ.

ಕಾಗದಪತ್ರದ ಬಗ್ಗೆ ಕೇಳುವವರಿದ್ದಾರೆ. ಇಂಜಿನ್ ನಂಬರ್ ಇರುವುದು ಬ್ಲಾಕಿನ ಮೇಲೆ. ಆದ್ದರಿಂದ ಹೆಡ್ಡೂ ಕ್ಯಾಮೂ ಬದಲಿಸಿದರೆ ಆರ್.ಸಿ.ಯಲ್ಲಿ ಏನೂ ತಿದ್ದಬೇಕಾಗಿಲ್ಲ, ಬಿಲ್ ಜೋಪಾನವಾಗಿಟ್ಟುಕೊಂಡರೆ ಆಯಿತು. ಬ್ಲಾಕನ್ನೇ ಬದಲಿಸಿದರೆ ಮಾತ್ರ ಆರ್.ಟಿ.ಒ. ಕಚೇರಿಯಲ್ಲಿ ಹೊಸ ನಂಬರ್ ನಮೂದಿಸಿಕೊಳ್ಳಲೇಬೇಕು. ಕಾರು ಮಂಗಳೂರಿನಲ್ಲಿ ರಿಪೇರಿಯಾಗಿದ್ದರೂ ರಿಜಿಸ್ಟ್ರೇಶನ್ ಕೇರಳದ್ದಾದರೆ ಕೇರಳದ ಕಚೇರಿಗೇ ಹೋಗಿ.