ಆಟದೊಳಗಿನ ಬೆದರಿಕೆ: ಮಗಳ ಫೋನ್ ಕಿತ್ತಿಟ್ಟರೆ ಸಾಕೇ?



ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ಮಕ್ಕಳ ಮೊಬೈಲ್ ವಿಷಯ ಬಂದೇ ಬರುತ್ತದೆ. "ನನ್ ಮಗ ಯಾವಾಗ್ಲೂ ಗೇಮಲ್ಲೇ ಇರ್ತಾನೆ ಸಿಸ್ಟರ್" ಎನ್ನುವವರೇ ಹೆಚ್ಚು. ಮಗಳ ಮಾತು ಬರುವುದು ಕಡಿಮೆ. ಆದರೆ ರಾಜಾಜಿನಗರವಿರಲಿ, ಕೆಂಗೇರಿಯಿರಲಿ, ಹೆಣ್ಣುಮಕ್ಕಳೂ ಆಡುತ್ತಾರೆ. ಕೆಲವರು ಹುಡುಗನ ಹೆಸರಿಟ್ಟುಕೊಂಡು, ಮೈಕ್ ಬಂದ್ ಮಾಡಿಕೊಂಡು ಆಡುತ್ತಾರೆ. ಏಕೆ ಎಂಬುದನ್ನು ತಾಯಂದಿರಾದ ನೀವು ತಿಳಿದಿರಬೇಕು.

ಚೌಕಾಬಾರ, ಕುಂಟೆಬಿಲ್ಲೆ ಆಡುವಾಗ ಎದುರಿಗಿದ್ದವರು ನಮ್ಮ ಓಣಿಯವರೇ. ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್‌ನಂಥ ಆಟಗಳು ಹಾಗಲ್ಲ. ಇಂಟರ್ನೆಟ್ ಮೂಲಕ ಎಲ್ಲೆಲ್ಲಿಯವರೋ ಒಂದೇ ಆಟಕ್ಕೆ ಸೇರುತ್ತಾರೆ. ನಾಲ್ವರ ತಂಡದಲ್ಲಿ ಉಳಿದ ಮೂವರು ಯಾರೆಂದು ನಿಮ್ಮ ಮಗಳಿಗೆ ತಿಳಿಯದೆಯೂ ಇರಬಹುದು. ಆಡುತ್ತಲೇ ಮಾತಾಡಬಹುದು, ಮೆಸೇಜ್ ಕಳಿಸಬಹುದು. ಹೆಣ್ಣಿನ ದನಿ ಕೇಳಿದ ಕೂಡಲೇ ಕೆಲವರ ಭಾಷೆಯೇ ಬದಲಾಗುತ್ತದೆ. ಮೊದಲು ತಮಾಷೆ, ಆಮೇಲೆ ಹೊಲಸು ಬೈಗುಳ, ಆಮೇಲೆ "ನಂಬರ್ ಕೊಡು, ಇಲ್ಲಾಂದ್ರೆ ನಿನ್ ಮನೆ ಹುಡುಕ್ತೀನಿ."

ಇನ್ನು ಕೆಲವರು ಬಯ್ಯುವುದೇ ಇಲ್ಲ, ತುಂಬಾ ಮರ್ಯಾದೆಯಿಂದ ಶುರು ಮಾಡುತ್ತಾರೆ. ಹಿಂದಿ ನಟ ಅಕ್ಷಯ್ ಕುಮಾರ್ 2025ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ನಡೆದ ಪೊಲೀಸ್ ಕಾರ್ಯಕ್ರಮದಲ್ಲಿ ತಮ್ಮ ಮನೆಯಲ್ಲೇ ನಡೆದದ್ದನ್ನು ಹೇಳಿದರು. ಅವರ ಮಗಳು ಆನ್‌ಲೈನ್ ಗೇಮ್ ಆಡುತ್ತಿದ್ದಳು. ಆ ಕಡೆಯ ಅಪರಿಚಿತ ಚೆನ್ನಾಗಿ ಆಡಿದೆ ಎಂದು ಹೊಗಳಿದ. ಸ್ವಲ್ಪ ಹೊತ್ತಿಗೆ ನೀನು ಗಂಡೋ ಹೆಣ್ಣೋ ಎಂದು ಕೇಳಿದ. ಹೆಣ್ಣು ಎಂದದ್ದೇ ತಡ, ಬಟ್ಟೆಯಿಲ್ಲದ ಫೋಟೋ ಕಳಿಸು ಎಂದ. ಹುಡುಗಿ ತಕ್ಷಣ ಆಟ ನಿಲ್ಲಿಸಿ ಹೋಗಿ ತಾಯಿಗೆ ಹೇಳಿದಳು. ದೊಡ್ಡವರ ಮನೆಯಾಗಲಿ, ಒಂದು ಕೋಣೆಯ ಬಾಡಿಗೆ ಮನೆಯಾಗಲಿ, ಇದು ಬರುವ ದಾರಿ ಒಂದೇ.

ವಿದ್ಯಾವಂತ ವಯಸ್ಕ ಹೆಂಗಸರನ್ನೂ ಇದು ಬಿಟ್ಟಿಲ್ಲ. ಅಮೆರಿಕದಲ್ಲಿ ಅನಿತಾ ಸರ್ಕೀಸಿಯನ್ ಎಂಬಾಕೆ, ವಿಡಿಯೋ ಗೇಮ್‌ಗಳಲ್ಲಿ ಹೆಣ್ಣನ್ನು ಬರೀ ಭೋಗದ ವಸ್ತುವಾಗಿ ತೋರಿಸುತ್ತಾರೆ ಎಂದು ವಿಮರ್ಶೆ ಮಾಡಿದರು. ಮಾಡಿದ್ದು ಅಷ್ಟೇ. 2012ರಲ್ಲಿ ಒಬ್ಬ ಆಕೆಯ ಮುಖಕ್ಕೆ ಹೊಡೆಯುವುದನ್ನೇ ಒಂದು ಆಟ ಮಾಡಿ ಹರಿಯಬಿಟ್ಟ. 2014ರಲ್ಲಿ 'ಗೇಮರ್‌ಗೇಟ್' ಎಂಬ ಹೆಸರಿನ ದಾಳಿಯೇ ನಡೆಯಿತು. ಗೇಮ್ ತಯಾರಿಸುವ ಬ್ರಿಯಾನಾ ವೂ ಮುಂತಾದವರಿಗೂ ಅತ್ಯಾಚಾರ, ಕೊಲೆ ಬೆದರಿಕೆಗಳು ಬಂದವು, ಮನೆ ವಿಳಾಸಗಳನ್ನೇ ಬಯಲು ಮಾಡಿದರು. ಅನಿತಾ, ಬ್ರಿಯಾನಾ ಇಬ್ಬರೂ ಮನೆ ಬಿಟ್ಟು ಬೇರೆ ಕಡೆ ಇರಬೇಕಾಯಿತು. ಆ ವರ್ಷ ಅಕ್ಟೋಬರ್‌ನಲ್ಲಿ ಯೂಟಾ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಅನಿತಾ ಭಾಷಣ ಮಾಡಿದರೆ ಗುಂಡು ಹಾರಿಸುತ್ತೇವೆ ಎಂದು ಪತ್ರ ಬಂತು. ಸಭೆಗೆ ಬಂದೂಕು ತರುವವರನ್ನು ತಡೆಯಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿಲ್ಲ ಎಂದಾಗ ಭಾಷಣವೇ ರದ್ದಾಯಿತು.

ಬಾಯಿ ಮುಚ್ಚಿಸುವುದೇ ಇವರ ಉದ್ದೇಶ. ನಮ್ಮ ಊರಲ್ಲೂ ನೋಡಿದ್ದೇವಲ್ಲ! 2025ರ ಜುಲೈನಲ್ಲಿ ರೇಣುಕಾಸ್ವಾಮಿ ಕುಟುಂಬಕ್ಕೆ ನ್ಯಾಯ ಸಿಗಲಿ ಎಂದು ಬರೆದದ್ದಕ್ಕೆ ನಟಿ ರಮ್ಯಾ ಅವರಿಗೆ ಅಶ್ಲೀಲ ಮೆಸೇಜ್‌ಗಳೂ ಬೆದರಿಕೆಗಳೂ ಬಂದವು. ಅದು ಆಟದ ಜಗಳವಲ್ಲ, ಆದರೆ ಬೈಗುಳ ಅದೇ. ರಮ್ಯಾ ಯಾವುದನ್ನೂ ಅಳಿಸಲಿಲ್ಲ. ಬಂದದ್ದನ್ನೆಲ್ಲ ಇಟ್ಟುಕೊಂಡು, 43 ಖಾತೆಗಳ ವಿವರದ ಸಮೇತ ಬೆಂಗಳೂರು ಪೊಲೀಸ್ ಆಯುಕ್ತರಿಗೆ ದೂರು ಕೊಟ್ಟರು. ಕೆಲವರ ಬಂಧನವೂ ಆಯಿತು. ಸುಳ್ಳು ಹೆಸರಿನ ಹಿಂದೆ ಕುಳಿತವರನ್ನು ಹಿಡಿಯಲಾಗದು ಎಂಬ ಮಾತು ಪೂರ್ತಿ ನಿಜವಲ್ಲ.

ನಮ್ಮ ಮನೆಗಳಲ್ಲಿ ತೊಡಕಾಗುವುದು ಬೇರೆ ಕಡೆ. ಮಗಳು ಅಳುತ್ತಾ ಬಂದು ಹೇಳಿದರೆ ನಾವು ಮೊದಲು ಮಾಡುವ ಕೆಲಸವೇನು? "ನಿಂಗ್ಯಾಕೆ ಬೇಕಿತ್ತು ಗೇಮು?" ಎಂದು ಎರಡು ಬಿಟ್ಟು ಫೋನ್ ಕಿತ್ತಿಡುತ್ತೇವೆ. ಕೆಲವು ಮನೆಗಳಲ್ಲಿ ಓದೂ ನಿಲ್ಲುತ್ತದೆ. ತಪ್ಪು ಮಾಡಿದವನು ಹಾಯಾಗಿ ಆಡುತ್ತಿರುತ್ತಾನೆ, ಶಿಕ್ಷೆ ಮಾತ್ರ ಇವಳಿಗೆ. ಫೋನ್ ಹೋಗುತ್ತದೆಂಬ ಹೆದರಿಕೆಗೇ ಎಷ್ಟೋ ಹುಡುಗಿಯರು ಬಾಯಿ ಬಿಡುವುದಿಲ್ಲ. "ನಿಮ್ಮಮ್ಮಂಗೆ ಹೇಳ್ತೀನಿ" ಎಂದೇ ಅವನು ಹೆದರಿಸುತ್ತಾನೆ, ನೋಡಿ! ಅಮ್ಮನಿಗೆ ಮೊದಲೇ ಗೊತ್ತಿದ್ದರೆ ಆ ಆಯುಧ ಅವನ ಕೈಯಲ್ಲಿರುವುದಿಲ್ಲ. ಹೇಳಿದ್ರೆ ಬೈಯಲ್ಲ, ಫೋನೂ ಕಿತ್ಕೊಳ್ಳಲ್ಲ ಎಂದು ಇವತ್ತೇ ಮಗಳಿಗೆ ಹೇಳಿಬಿಡಿ. ಮಗನ ಪಕ್ಕದಲ್ಲೂ ಒಂದು ದಿನ ಕುಳಿತು ಅವನು ಮೈಕಿನಲ್ಲಿ ಏನು ಮಾತಾಡುತ್ತಾನೆಂದು ಕೇಳಿಸಿಕೊಳ್ಳಿ. ಬಯ್ಯುವವರೂ ಯಾವುದೋ ಮನೆಯ ಮಕ್ಕಳೇ.

ತೊಂದರೆ ಬಂದಾಗ ಗಾಬರಿಯಲ್ಲಿ ಮೆಸೇಜ್ ಅಳಿಸಬೇಡಿ, ಆಟದ ಆಪ್ ತೆಗೆದು ಹಾಕಬೇಡಿ. ಸ್ಕ್ರೀನ್‌ಶಾಟ್ ತೆಗೆದು ಅವನ ಹೆಸರು, ಐಡಿ ನಂಬರ್, ದಿನ, ಸಮಯ ಬರೆದಿಡಿ. ಆಮೇಲೆ ಆಟದೊಳಗೇ ಇರುವ ರಿಪೋರ್ಟ್, ಬ್ಲಾಕ್ ಒತ್ತಿ. ದುಡ್ಡಾಗಲಿ ಇನ್ನೊಂದು ಫೋಟೋ ಆಗಲಿ ಕೊಡಲೇಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ.

ಹೆಣ್ಣಿಗೆ ಇಷ್ಟವಿಲ್ಲವೆಂದ ಮೇಲೂ ಹಿಂದೆ ಬೀಳುವುದು, ಇಂಟರ್ನೆಟ್‌ನಲ್ಲಿ ಅವಳ ಮೇಲೆ ಕಣ್ಣಿಡುವುದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಇದಕ್ಕೆ ಮೊದಲ ಬಾರಿಗೆ ಮೂರು ವರ್ಷದವರೆಗೆ ಶಿಕ್ಷೆಯಿದೆ. ಹುಡುಗಿಗೆ 18 ತುಂಬಿಲ್ಲದಿದ್ದರೆ 2012ರ ಪೋಕ್ಸೋ ಕಾಯ್ದೆಯೂ ಅನ್ವಯಿಸಬಹುದು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬಲ್ಲಿ ಮಹಿಳೆ, ಮಕ್ಕಳ ದೂರಿಗೆ ಬೇರೆ ವಿಭಾಗವಿದೆ. ಹೆಸರು ಹೇಳದೆಯೂ ಅಲ್ಲಿ ದೂರು ಕೊಡಬಹುದು. ತುರ್ತಿಗೆ 112, ಮಕ್ಕಳಿಗೆ 1098. ಹತ್ತಿರದ ಠಾಣೆಗೂ ಹೋಗಬಹುದು. "ನಮ್ ಲಿಮಿಟ್ ಅಲ್ಲಮ್ಮ" ಎಂದರೆ ಝೀರೋ ಎಫ್‌ಐಆರ್ ಮಾಡಿಕೊಡಿ ಎಂದು ಕೇಳಿ. ಒಬ್ಬರೇ ಹೋಗಲು ಭಯವಾದರೆ ಸಂಘದಿಂದ ಇಬ್ಬರು ಜೊತೆಗೆ ಹೋಗಿ.

ಮಗಳನ್ನು ಠಾಣೆಯಲ್ಲಿ ಕೂರಿಸಬೇಕಾಗುತ್ತದಲ್ಲ, ನಾಳೆ ಮದುವೆ ಹೇಗೆ ಎಂದು ಹಿಂದೆ ಸರಿಯುವವರಿದ್ದಾರೆ. ಪೋಕ್ಸೋ ಕೇಸಿನಲ್ಲಿ ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಅವಳು ಹೇಳಿದ ಜಾಗದಲ್ಲೋ ಬರೆದುಕೊಳ್ಳಬೇಕು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಅದೂ ಯೂನಿಫಾರ್ಮ್ ಇಲ್ಲದೆ. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಸರು, ಶಾಲೆ, ಫೋಟೋ ಯಾವುದನ್ನೂ ಪತ್ರಿಕೆಯವರು ಹಾಕುವಂತಿಲ್ಲ.